ಕಾರಿಗೆ ಯಾವ ಎಂಜಿನ್ ಆಯಿಲ್: ತೆಳುವಾದದ್ದಾ, ದಪ್ಪದ್ದಾ, ಸಿಂಥೆಟಿಕ್ಕಾ?

ನಿಮ್ಮ ಕಾರಿನ ಗ್ಲೋವ್ ಬಾಕ್ಸ್ ತೆಗೆದು ನೋಡಿ. ಇನ್ಶೂರೆನ್ಸ್ ಕಾಗದ, ಎಮಿಷನ್ ಚೀಟಿ, ಹಳೇ ಟೋಲ್ ರಸೀದಿ, ಎಂದೋ ಮಡಚಿಟ್ಟ ಕರವಸ್ತ್ರ. ಎಲ್ಲದರ ತಳದಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದ ಒಂದು ಪುಸ್ತಕ ಇರುತ್ತದೆ, ಓನರ್ಸ್ ಮ್ಯಾನುಯಲ್. ಗಾಡಿ ತಂದ ದಿನ ಅದಕ್ಕೂ ಸೇರಿಸಿ ಕುಂಕುಮ ಹಚ್ಚಿರುತ್ತೇವೆ. ಆಮೇಲೆ ತೆರೆದಿರುವುದಿಲ್ಲ. ಯಾವ ಆಯಿಲ್ ಹಾಕಬೇಕು ಅನ್ನೋದಕ್ಕೆ ಮುಕ್ಕಾಲು ಪಾಲು ಉತ್ತರ ಅದರ ಕೊನೆಯ ಪುಟಗಳಲ್ಲಿದೆ. ಉಳಿದ ಕಾಲು ಪಾಲು ನೀವು ಗಾಡಿ ಎಲ್ಲಿ, ಎಷ್ಟು, ಹೇಗೆ ಓಡಿಸುತ್ತೀರಿ ಅನ್ನೋದರಲ್ಲಿದೆ. ಅಂಗಡಿಯವರಿಗಾಗಲಿ ಪಕ್ಕದ ಮನೆಯವರಿಗಾಗಲಿ ಈ ಲೆಕ್ಕದಲ್ಲಿ ಪಾಲಿಲ್ಲ.

ನಾನು ಇದನ್ನು ಕಲಿತದ್ದು ಕೈ ಸುಟ್ಟುಕೊಂಡು. ಹಾಸನದಲ್ಲಿ ಮನೆಯಿಂದ ಆಫೀಸಿಗೆ ಆರು ಕಿಲೋಮೀಟರ್. ನನ್ನದು 1.2 ಲೀಟರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್. ವಾರಂಟಿ ಮುಗಿದ ಮೇಲೆ ಶೋರೂಮ್ ಬಿಟ್ಟು ಒಂದು ಗ್ಯಾರೇಜಿಗೆ ಹೋದೆ. "ಸಾರ್, ನೀರಿನ ಹಾಗಿರೋ ಆಯಿಲ್ ನಮ್ಮ ಬಿಸಿಲಿಗೆ ತಡೆಯುತ್ತಾ? ದಪ್ಪದ್ದು ಹಾಕ್ತೀನಿ, ಎಂಜಿನ್ ಸ್ಮೂತ್ ಆಗುತ್ತೆ" ಅಂದರು. ಹಾಕಿದ್ದು 20ಡಬ್ಲ್ಯೂ-50. ಮ್ಯಾನುಯಲ್ ಹೇಳಿದ್ದು 0ಡಬ್ಲ್ಯೂ-20. ಮಾರನೇ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಾನೆಟ್ ಕೆಳಗೆ ಟಕಟಕ ಸದ್ದು, ಮೂರ್ನಾಲ್ಕು ಸೆಕೆಂಡಿಗೆ ನಿಂತಿತು. ಮೊದಲು ಅದು ಇರಲಿಲ್ಲ. ಪಿಕಪ್ ಮಂದ. ಮೈಲೇಜು ಲೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಇಳಿಯಿತು. 2,000 ಕಿಲೋಮೀಟರಿಗೇ ಆ ಆಯಿಲ್ ಇಳಿಸಿ, ಮತ್ತೆ ದುಡ್ಡು ಕೊಟ್ಟು ಸರಿಯಾದದ್ದು ತುಂಬಿಸಿದೆ. ಬೆಳಗಿನ ಸದ್ದು ಹೋಯಿತು.

ಆ ಮೆಕ್ಯಾನಿಕ್ ಮೋಸ ಮಾಡಲಿಲ್ಲ. ಅವರು ನಂಬಿದ್ದನ್ನೇ ಹೇಳಿದರು. ಎತ್ತಿನಗಾಡಿಗೆ ಕೀಲೆಣ್ಣೆ ಹಾಕುತ್ತಿದ್ದ ಕಾಲದಿಂದ ನಮ್ಮ ತಲೆಯಲ್ಲಿ ಕೂತಿರುವುದು ಒಂದೇ ಮಾತು: ಎಣ್ಣೆ ಅಂಟಂಟಾಗಿ, ಮಂದವಾಗಿ ಇದ್ದರೆ ಗಟ್ಟಿ.

ಡಬ್ಬದ ಮೇಲಿನ ಅಂಕಿ

ಡಿಸೆಂಬರಿನಲ್ಲಿ ನಮ್ಮ ಕಡೆ ಕೊಬ್ಬರಿ ಎಣ್ಣೆ ಬಾಟಲಿಯನ್ನು ಬಿಸಿಲಿಗೆ ಇಡದ ಮನೆ ಇಲ್ಲ. ಬೆಳಿಗ್ಗೆ ಬೆಣ್ಣೆ, ಮಧ್ಯಾಹ್ನ ನೀರು. ಎಂಜಿನ್ ಆಯಿಲ್ ಅಷ್ಟು ಹೆಪ್ಪುಗಟ್ಟದಿದ್ದರೂ ಗುಣ ಅದೇ: ತಣ್ಣಗಿದ್ದಾಗ ಮಂದ, ಕಾದಾಗ ತೆಳು. 5ಡಬ್ಲ್ಯೂ-30 ಅನ್ನುವಾಗ ಈ ಎರಡಕ್ಕೂ ಒಂದೊಂದು ಅಂಕಿ ಕೊಟ್ಟಿದ್ದಾರೆ. ಇದು ಎಸ್‌ಎಇ ಅನ್ನುವ ಎಂಜಿನಿಯರುಗಳ ಸಂಸ್ಥೆ ಮಾಡಿದ ಅಳತೆ. ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಚಿಕ್ಕದಾದಷ್ಟೂ ತಣ್ಣಗಿರುವ ಎಂಜಿನ್ನಿನಲ್ಲಿ ಆಯಿಲ್ ಬೇಗ ಹರಿಯುತ್ತದೆ. ಮುಂದಿನ ಅಂಕಿ, ಕಾದು 100 ಡಿಗ್ರಿಗೆ ಬಂದಾಗ ಎಷ್ಟು ದಪ್ಪ ಉಳಿಯುತ್ತದೆ ಅನ್ನೋದನ್ನು ಹೇಳುತ್ತದೆ. 40 ಅಂದರೆ 40 ಡಿಗ್ರಿ ಬಿಸಿಲು ತಡೆಯುತ್ತದೆ ಅಂತ ಹೇಳುವವರು ಸಿಗುತ್ತಾರೆ. ಹಾಗಲ್ಲ. ಅದು ಒಂದು ದರ್ಜೆಯ ಹೆಸರು, ಅಷ್ಟೇ.

ಈಗ ಎಲ್ಲರೂ ಕೇಳುವ ಪ್ರಶ್ನೆ. ನಮಗೆಲ್ಲಿದೆ ಅಂಥಾ ಚಳಿ? 5ಡಬ್ಲ್ಯೂ ಆಯಿಲನ್ನು ಪರೀಕ್ಷೆ ಮಾಡುವುದು ಮೈನಸ್ 30 ಡಿಗ್ರಿಯಲ್ಲಿ, 20ಡಬ್ಲ್ಯೂ ಆಯಿಲನ್ನು ಮೈನಸ್ 15ರಲ್ಲಿ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹಾಗಿದ್ದ ಮೇಲೆ 0ಡಬ್ಲ್ಯೂ, 5ಡಬ್ಲ್ಯೂ ನಮಗೆ ಯಾಕೆ, ಅಲ್ವಾ?

ಉತ್ತರ ಸೆಂಟಿಸ್ಟೋಕ್‌ನಲ್ಲಿದೆ. ಅದು ದಪ್ಪದ ಅಳತೆ, ಕುಡಿಯುವ ನೀರಿನದು ಸುಮಾರು 1. ಮಾಮೂಲಿ 0ಡಬ್ಲ್ಯೂ-20 ಆಯಿಲ್ 100 ಡಿಗ್ರಿಯಲ್ಲಿ ಹೆಚ್ಚುಕಡಿಮೆ 8.5 ಇರುತ್ತದೆ, 40 ಡಿಗ್ರಿಯಲ್ಲಿ 45. ಅದೇ 5ಡಬ್ಲ್ಯೂ-30 ಕ್ರಮವಾಗಿ 10ರಿಂದ 11, ಮತ್ತು 60-65. 15ಡಬ್ಲ್ಯೂ-40 ಆದರೆ 14 ಮತ್ತು 110ರ ಆಸುಪಾಸು. 20ಡಬ್ಲ್ಯೂ-50 ಆದರೆ 18 ಮತ್ತು 160ಕ್ಕೂ ಮೇಲೆ. ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಸ್ವಲ್ಪ ಆಚೀಚೆ ಆಗುತ್ತದೆ.

ಈ 40 ಡಿಗ್ರಿ ಅಂದರೆ ರಾಯಚೂರಿನ ಮೇ ತಿಂಗಳ ಮಧ್ಯಾಹ್ನ. ಅಂಥಾ ಬಿಸಿಲಲ್ಲಿ ನಿಂತ ಕಾರಿನ ಆಯಿಲ್ ಕೂಡ ಎಂಜಿನ್ನಿನ ಲೆಕ್ಕದಲ್ಲಿ ತಣ್ಣಗೇ ಇದೆ, ಬೇಕಾದ್ದಕ್ಕಿಂತ ಐದಾರು ಪಟ್ಟು ದಪ್ಪ ಇದೆ. ಹಾಸನದ ಜನವರಿ ಬೆಳಗಿನ ಹದಿನೈದು ಡಿಗ್ರಿಯಲ್ಲಿ ಇನ್ನೂ ಎಷ್ಟೋ ದಪ್ಪ. ಕೀ ತಿರುಗಿಸಿದ ಕೂಡಲೇ ಆಯಿಲ್ ತಳದ ಸಂಪಿನಿಂದ ಮೇಲಕ್ಕೆ, ವಾಲ್ವ್ ತೆರೆದು ಮುಚ್ಚುವ ಕ್ಯಾಮ್‌ಶಾಫ್ಟಿನವರೆಗೆ ಏರಬೇಕು. 8.5ಕ್ಕೆ ಅಂತ ಮಾಡಿದ ಸಣ್ಣ ಸಣ್ಣ ದಾರಿಗಳಲ್ಲಿ 160ಕ್ಕಿಂತ ದಪ್ಪದ್ದನ್ನು ನೂಕಿದರೆ ತಡವಾಗುತ್ತದೆ. ನನ್ನ ಕಾರಿನ ಟಕಟಕ ಅದೇ. ಈಗಿನ ಪೆಟ್ರೋಲ್ ಎಂಜಿನ್ನುಗಳಲ್ಲಿ ವಾಲ್ವ್ ಟೈಮಿಂಗ್ ಹಿಂದೆ ಮುಂದೆ ಮಾಡುವುದೂ ಆಯಿಲಿನ ಒತ್ತಡವೇ. ಅದು ಮಂದವಾದರೆ ಪಿಕಪ್ಪೂ ಮಂದ.

ಇನ್ನು ಬಿಸಿಲಿನ ವಿಷಯ. ಎಂಜಿನ್ ಒಮ್ಮೆ ಕಾದ ಮೇಲೆ ಥರ್ಮೋಸ್ಟಾಟ್, ಎಂಜಿನ್ ತಣ್ಣಗಿಡುವ ಕೂಲಂಟ್ ದ್ರವವನ್ನು ಸುಮಾರು 90 ಡಿಗ್ರಿಯಲ್ಲಿ ಹಿಡಿದಿಡುತ್ತದೆ. ಆಯಿಲ್ ಅದರ ಆಸುಪಾಸಿನಲ್ಲೋ ಸ್ವಲ್ಪ ಮೇಲೋ ಇರುತ್ತದೆ. ಹೊರಗೆ ಕಲಬುರಗಿಯ ಬಿಸಿಲಿರಲಿ ಮಡಿಕೇರಿಯ ಮಂಜಿರಲಿ, ಒಳಗೆ ಅಂಥಾ ವ್ಯತ್ಯಾಸ ಇಲ್ಲ. ವ್ಯತ್ಯಾಸ ಮಾಡುವುದು ಭಾರ. ಐದು ಜನ, ಡಿಕ್ಕಿ ತುಂಬ ಲಗೇಜು, ಎಸಿ ಹಾಕಿಕೊಂಡು ಎರಡನೇ ಗೇರಿನಲ್ಲಿ ಚಾರ್ಮಾಡಿ ಏರುವಾಗ ಆಯಿಲ್ ನಿಜವಾಗಿ ಕಾಯುತ್ತದೆ.

ಆದ್ದರಿಂದ ನನ್ನ ಲೆಕ್ಕ ಹೀಗೆ. ಮ್ಯಾನುಯಲ್ ಒಂದೇ ಗ್ರೇಡ್ ಹೇಳಿದ್ದರೆ ಅದೇ, ಬೇರೆ ಮಾತಿಲ್ಲ. ಆದರೆ ಎಷ್ಟೋ ಮ್ಯಾನುಯಲ್‌ಗಳಲ್ಲಿ ಎರಡು ಮೂರು ಗ್ರೇಡ್ ಕೊಟ್ಟಿರುತ್ತಾರೆ. 0ಡಬ್ಲ್ಯೂ-20, ಇಲ್ಲದಿದ್ದರೆ 5ಡಬ್ಲ್ಯೂ-30 ಅಂತ. ಊರೊಳಗೇ ಓಡಾಡುವವರು ತೆಳುವಾದದ್ದು ತಗೊಳ್ಳಿ, ಬೆಳಿಗ್ಗೆ ಸುಲಭ, ಮೈಲೇಜೂ ಸಿಗುತ್ತದೆ. ವಾರವಾರ ಘಾಟಿ ಇಳಿದು ಏರುವವರು, ಲೋಡ್ ಹಾಕುವವರು ಪಟ್ಟಿಯಲ್ಲಿರುವ ದಪ್ಪದ್ದು ತಗೊಳ್ಳಿ. ಕಂಪನಿಗಳು ತೆಳು ಆಯಿಲಿಗೆ ಹೋಗಿದ್ದರ ಹಿಂದೆ ಮೈಲೇಜಿನ ಲೆಕ್ಕ ಜೋರಾಗೇ ಇದೆ. ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಆದರೂ ಪಟ್ಟಿ ಬಿಟ್ಟು ಆಚೆ ಹೋಗಬೇಡಿ.

ಮಿನರಲ್, ಸೆಮಿ, ಫುಲ್ಲಿ ಸಿಂಥೆಟಿಕ್

ಮಿನರಲ್ ಅಂದರೆ ಕಚ್ಚಾತೈಲವನ್ನು ಸೋಸಿ ತೆಗೆದ ಎಣ್ಣೆ. ಅದರಲ್ಲಿ ದೊಡ್ಡ ಕಣ, ಚಿಕ್ಕ ಕಣ, ಒಂದಿಷ್ಟು ಮೇಣ, ಒಂದಿಷ್ಟು ಗಂಧಕ ಎಲ್ಲ ಇರುತ್ತದೆ. ಚಿಕ್ಕವು ಬಿಸಿಗೆ ಬೇಗ ಆವಿಯಾಗುತ್ತವೆ, ಮೇಣ ಚಳಿಗೆ ಮಂದವಾಗುತ್ತದೆ. ಸಿಂಥೆಟಿಕ್ಕಿನಲ್ಲಿ ಕಣಗಳು ಹೆಚ್ಚುಕಡಿಮೆ ಒಂದೇ ಅಳತೆಯವು. ಜರಡಿ ಹಿಡಿದ ರವೆಗೂ ಹಿಡಿಯದ ರವೆಗೂ ಇರುವ ವ್ಯತ್ಯಾಸ ಅಂದುಕೊಳ್ಳಿ. ಅದು ಬೇಗ ಸುಟ್ಟು ಗಸಿಯಾಗುವುದಿಲ್ಲ, ಚಳಿಗೂ ಹರಿಯುತ್ತದೆ.

ಫುಲ್ಲಿ ಸಿಂಥೆಟಿಕ್ ಅಂತ ಬರೆದಿದ್ದರೆ ಪೂರ್ತಿ ಲ್ಯಾಬಿನಲ್ಲಿ ಕಟ್ಟಿದ ಎಣ್ಣೆ ಅಂತಲೇ ಅಲ್ಲ. ಕಚ್ಚಾತೈಲವನ್ನೇ ಹೈಡ್ರೋಜನ್ ಹಾಯಿಸಿ ಚೆನ್ನಾಗಿ ಸಂಸ್ಕರಿಸಿದ್ದಕ್ಕೆ ಗ್ರೂಪ್ 3 ಅನ್ನುತ್ತಾರೆ. ಇದನ್ನು ಸಿಂಥೆಟಿಕ್ ಅನ್ನಬಹುದಾ ಅಂತ ಅಮೆರಿಕದಲ್ಲಿ ಮೊಬಿಲ್ ಮತ್ತು ಕ್ಯಾಸ್ಟ್ರಾಲ್ ಜಟಾಪಟಿ ಮಾಡಿದವು. 1999ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ಮಂಡಳಿ ಅನ್ನಬಹುದು ಅಂತ ಹೇಳಿತು. ಅಲ್ಲಿಂದ ಮಾರುಕಟ್ಟೆಯ ಸಿಂಥೆಟಿಕ್ ಬಹುಪಾಲು ಗ್ರೂಪ್ 3. ಅದು ಕೆಟ್ಟದ್ದೇನಲ್ಲ, ನನ್ನ ಕಾರಿನಲ್ಲೂ ಅದೇ ಇರಬಹುದು. ಸೆಮಿ ಸಿಂಥೆಟಿಕ್ ಅಂದರೆ ಎರಡರ ಬೆರಕೆ. ಯಾವುದು ಎಷ್ಟು ಪಾಲು ಅಂತ ಡಬ್ಬದ ಮೇಲೆ ಬರೆದಿರುವುದಿಲ್ಲ. ಹಾಲಿಗೆ ನೀರು ಎಷ್ಟು ಅಂತ ಹೇಳದೆ ಮಾರಿದ ಹಾಗೆ. ನನಗೆ ಅದರ ಮೇಲೆ ಅಷ್ಟು ಒಲವಿಲ್ಲ.

(ಕ್ಯಾಸ್ಟ್ರಾಲ್ ಅನ್ನೋ ಹೆಸರು ಬಂದದ್ದೇ ಕ್ಯಾಸ್ಟರ್ ಆಯಿಲಿನಿಂದ, ಅಂದರೆ ನಮ್ಮ ಹರಳೆಣ್ಣೆಯಿಂದ. 1909ರಲ್ಲಿ ಬ್ರಿಟನ್ನಿನ ವೇಕ್‌ಫೀಲ್ಡ್ ಕಂಪನಿ ಹರಳೆಣ್ಣೆ ಬೆರೆಸಿದ ಎಂಜಿನ್ ಆಯಿಲಿಗೆ ಆ ಹೆಸರಿಟ್ಟಿತು. ಅಜ್ಜಿ ಹೊಟ್ಟೆ ತೊಳೆಯಲು ಕುಡಿಸುತ್ತಿದ್ದದ್ದೇ ವಿಮಾನದ ಎಂಜಿನ್ನಿಗೂ ಹೋಗುತ್ತಿತ್ತು.)

ಇನ್ನೊಂದು ವಿಷಯ. ಮಿನರಲ್ಲಾ ಸಿಂಥೆಟಿಕ್ಕಾ ಅನ್ನೋ ಪ್ರಶ್ನೆ ಎಲ್ಲರಿಗೂ ಬರುವುದೇ ಇಲ್ಲ. ಮ್ಯಾನುಯಲ್ 0ಡಬ್ಲ್ಯೂ-20 ಹೇಳಿದ್ದರೆ ಅದು ಸಿಂಥೆಟಿಕ್ಕೇ ಆಗಿರಬೇಕು, ಮಿನರಲ್ಲಿನಲ್ಲಿ ಅಷ್ಟು ತೆಳುವಾದದ್ದು ಮಾಡಲಾಗುವುದಿಲ್ಲ. 20ಡಬ್ಲ್ಯೂ-50 ಅಂದರೆ ಅಂಗಡಿಯಲ್ಲಿ ಸಿಗುವುದು ಬಹುಪಾಲು ಮಿನರಲ್. ನಿಜವಾಗಿ ಯೋಚಿಸಬೇಕಾದವರು 10ಡಬ್ಲ್ಯೂ-30, 15ಡಬ್ಲ್ಯೂ-40 ಹೇಳಿದ ನಡುಪ್ರಾಯದ ಕಾರಿನವರು, ಒಂದಿಷ್ಟು 5ಡಬ್ಲ್ಯೂ-30ರವರು.

ಅಂಥವರು ಕಿಲೋಮೀಟರ್ ನೋಡಿ. ಸಿಂಥೆಟಿಕ್ಕಿನ ಬೆಲೆ ಮಿನರಲ್ಲಿನ ಎರಡು ಪಟ್ಟು, ಕೆಲವು ಸಲ ಇನ್ನೂ ಜಾಸ್ತಿ. ಮಿನರಲ್ಲನ್ನು 5,000 ಕಿಲೋಮೀಟರಿಗೆ ಬದಲಿಸುವ ರೂಢಿ, ಸಿಂಥೆಟಿಕ್ಕನ್ನು 10,000ಕ್ಕೆ. ವರ್ಷಕ್ಕೆ 20,000 ಓಡಿಸುವವರಿಗೆ ಮಿನರಲ್ ಅಂದರೆ ನಾಲ್ಕು ಸಲ ಆಯಿಲ್, ನಾಲ್ಕು ಫಿಲ್ಟರ್, ನಾಲ್ಕು ಸಲ ಲೇಬರ್, ನಾಲ್ಕು ದಿನ ಗ್ಯಾರೇಜು. ಅವರಿಗೆ ಸಿಂಥೆಟಿಕ್ಕೇ ಅಗ್ಗ. ವರ್ಷಕ್ಕೆ 4,000 ಓಡಿಸುವ ರಿಟೈರ್ಡ್ ಮೇಷ್ಟ್ರಿಗೆ ಹಾಗಲ್ಲ. ಯಾವ ಆಯಿಲ್ ಹಾಕಿದರೂ ವರ್ಷ ತುಂಬಿದ ಮೇಲೆ ಬದಲಿಸಲೇಬೇಕು, ಸಿಂಥೆಟಿಕ್ ಅಂತ ಎರಡು ವರ್ಷ ಬಿಡುವ ಹಾಗಿಲ್ಲ. ಮ್ಯಾನುಯಲ್ ಒಪ್ಪಿದ್ದರೆ ಅವರು ಮಿನರಲ್ ಹಾಕಿಸಿ ದುಡ್ಡು ಉಳಿಸಲಿ.

ಕಡಿಮೆ ಓಡಿಸಿದರೆ ಆಯಿಲ್ ಕೆಡಲ್ಲ ಅನ್ನೋದೂ ತಪ್ಪು. ನನ್ನ ಆರು ಕಿಲೋಮೀಟರ್ ಓಡಾಟದಲ್ಲಿ ಆಯಿಲ್ ಪೂರ್ತಿ ಕಾಯುವಷ್ಟರಲ್ಲಿ ಆಫೀಸು ಬಂದಿರುತ್ತದೆ. ಒಳಗೆ ಸೇರಿದ ನೀರಿನ ಪಸೆ, ಸುಡದ ಪೆಟ್ರೋಲ್ ಆವಿಯಾಗಿ ಹೊರಗೆ ಹೋಗುವುದಿಲ್ಲ. ಆಯಿಲ್ ತುಂಬುವ ಮುಚ್ಚಳ ತೆಗೆದು ಒಳಮೈ ನೋಡಿ. ಮಳೆಗಾಲದಲ್ಲಿ ಅಲ್ಲಿ ಹಾಲಿನ ಕೆನೆಯಂಥ ಬಿಳೀ ಲೇಪ ಕಾಣಿಸಿದರೆ ಅದು ಆ ಪಸೆಯೇ. ಕೂಲಂಟ್ ಕಡಿಮೆ ಆಗುತ್ತಿಲ್ಲ ಅಂದರೆ ಗಾಬರಿ ಬೇಡ. ಭಾನುವಾರ ಅರಸೀಕೆರೆವರೆಗೆ ಒಂದು ಸುತ್ತು ಹೋಗಿಬಂದರೆ ಹೋಗುತ್ತದೆ.

ಎರಡು ಅಕ್ಷರ

ಗ್ರೇಡ್ ನೋಡಿದವರೂ ಡಬ್ಬದ ಹಿಂದಿನ ಅಕ್ಷರ ನೋಡುವುದಿಲ್ಲ. ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಅಂತ ಬರೆದು ಮುಂದೆ ಎಸ್‌ಎನ್, ಎಸ್‌ಪಿ ಅಂತಲೋ ಸಿಐ-4, ಸಿಕೆ-4 ಅಂತಲೋ ಇರುತ್ತದೆ. ಎಸ್ ಪೆಟ್ರೋಲಿಗೆ, ಸಿ ಡೀಸೆಲ್ಲಿಗೆ. ಎರಡನೇ ಅಕ್ಷರ ಮುಂದೆ ಹೋದಷ್ಟೂ ಹೊಸದು: ಎಸ್‌ಎಲ್ 2001ರದು, ಎಸ್‌ಎನ್ 2010ರದು, ಎಸ್‌ಪಿ 2020ರದು. ಪೆಟ್ರೋಲ್ ಕಾರಿಗೆ ಹೊಸ ಅಕ್ಷರದ್ದು ಹಾಕಿದರೆ ತೊಂದರೆ ಇಲ್ಲ, ಹಳೆಯದ್ದು ಹಾಕಬಾರದು.

ಚಿಕ್ಕ ಟರ್ಬೊ ಪೆಟ್ರೋಲ್ ಎಂಜಿನ್ ಇರುವವರಿಗೆ ಈ ಅಕ್ಷರ ಗ್ರೇಡಿನಷ್ಟೇ ಮುಖ್ಯ. ಪೆಟ್ರೋಲನ್ನು ನೇರ ಸಿಲಿಂಡರಿಗೆ ಸಿಂಪಡಿಸುವ ಟರ್ಬೊ ಎಂಜಿನ್ನಿನಲ್ಲಿ ನಿಧಾನ ಹೋಗುವಾಗ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ, ಸ್ಪಾರ್ಕ್ ಬರುವ ಮೊದಲೇ ಬೆಂಕಿ ಹತ್ತಿಕೊಳ್ಳುವ ರೋಗ ಇದೆ. ಪಿಸ್ಟನ್ ಒಡೆಯುವಷ್ಟು ಜೋರಾಗೂ ಆಗಬಹುದು. ಆಯಿಲಿಗೆ ಸೇರಿಸುವ ಕ್ಯಾಲ್ಸಿಯಂ ಇದಕ್ಕೆ ಒಂದು ಕಾರಣ ಅಂತ ಗೊತ್ತಾಗಿ ಆ ಬೆರಕೆ ಬದಲಿಸಿದರು. 2018ರಲ್ಲಿ ಎಸ್‌ಎನ್ ಪ್ಲಸ್, ಆಮೇಲೆ ಎಸ್‌ಪಿ ಬಂದದ್ದು ಹಾಗೆ. ಎಸ್‌ಪಿಯಲ್ಲಿ ಟೈಮಿಂಗ್ ಚೈನ್ ಸವೆತದ ಪರೀಕ್ಷೆಯೂ ಸೇರಿದೆ. ಟರ್ಬೊ ಇದ್ದರೆ ಎಸ್‌ಪಿಗಿಂತ ಕೆಳಗಿನದ್ದು ಮುಟ್ಟಬೇಡಿ, ಮಿನರಲ್ ಅಂತೂ ಬೇಡವೇ ಬೇಡ. ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತುವ ಟರ್ಬೊ ದಂಡಕ್ಕೆ ಆಸರೆ ಆ ಆಯಿಲಿನ ಪದರವೇ. ಘಾಟಿ ಹತ್ತಿ ಬಂದು ಹೋಟೆಲಿನ ಮುಂದೆ ನಿಲ್ಲಿಸಿದ ತಕ್ಷಣ ಆಫ್ ಮಾಡಬೇಡಿ. ಒಂದು ನಿಮಿಷ ಸುಮ್ನೆ ಓಡಲಿ. ಒಳಗಿದ್ದವರು ಅಷ್ಟರಲ್ಲಿ ಚಪ್ಪಲಿ ಹುಡುಕಿಕೊಳ್ಳಲಿ.

ಭಾವನ ಬಕೆಟ್ಟು

ಸಕಲೇಶಪುರದ ಹತ್ತಿರ ನಮ್ಮ ಭಾವನ ಕಾಫಿ ತೋಟ. ಟ್ರ್ಯಾಕ್ಟರಿಗೆ, ಪಿಕಪ್ಪಿಗೆ ಅಂತ 15ಡಬ್ಲ್ಯೂ-40 ಸಿಐ-4 ಪ್ಲಸ್ ಆಯಿಲನ್ನು ಬಕೆಟ್ಟಿನಲ್ಲೇ ತರಿಸುತ್ತಾರೆ. ಎರಡು ವರ್ಷದ ಹಿಂದೆ ಬಿಎಸ್6 ಡೀಸೆಲ್ ಎಸ್‌ಯುವಿ ತಗೊಂಡರು. ಮೊದಲ ಆಯಿಲ್ ಚೇಂಜಿಗೆ ಬಕೆಟ್ಟಿನ ಮುಚ್ಚಳ ಬಿಚ್ಚುತ್ತಿದ್ದರು.

"ಭಾವ, ಅದು ಇದಕ್ಕೆ ಆಗಲ್ಲ, ನಿಲ್ಲಿಸಿ" ಅಂದೆ.

"ಅದೂ ಡೀಸೆಲ್, ಇದೂ ಡೀಸೆಲ್. ಲಾರಿಗಳು ಇದರಲ್ಲೇ ಲಕ್ಷಗಟ್ಟಲೆ ಓಡ್ತವೆ ಕಣಯ್ಯಾ. ನಿನ್ನ ಪುಸ್ತಕದ ಮಾತು ಬಿಡು."

ಹಳೇ ಲಾರಿ ವಿಷಯ ನಿಜ. ಹಳೇ ಕಾರಿನ ವಿಷಯದಲ್ಲೂ ನಿಜ. ಆದರೆ 2020ರ ಏಪ್ರಿಲ್ 1ರಿಂದ ಹೊಗೆ ಮಿತಿಯ ಬಿಎಸ್6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನುವ ಜಾಲರಿ ಬಂದಿದೆ. ಹೊಗೆಯ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ, ತುಂಬಿದಾಗ ತಾನೇ ಕಾಯಿಸಿ ಸುಟ್ಟುಹಾಕುತ್ತದೆ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಎಂಜಿನ್ ಒಳಗೆ ಅಷ್ಟಿಷ್ಟು ಉರಿಯುವ ಆಯಿಲಿನಿಂದ ಬರುವುದು ಈ ಬೂದಿ. ಒಲೆಯ ಬೂದಿ ತೆಗೆಯದೆ ದಿನಾ ಬೆಂಕಿ ಹಾಕಿದ ಹಾಗೆ, ಜಾಲರಿ ಮೆಲ್ಲಗೆ ಕಟ್ಟಿಕೊಳ್ಳುತ್ತದೆ. ಹೊಸದು ಹಾಕಿಸಬೇಕೆಂದರೆ ಆಯಿಲ್ ಉಳಿಸಿದ ದುಡ್ಡು ಯಾವ ಮೂಲೆಗೂ ಸಾಲದು.

ಅದಕ್ಕೇ ಡಿಪಿಎಫ್ ಕಾರಿಗೆ ಬೂದಿ ಕಡಿಮೆ ಇರುವ ಆಯಿಲ್ ಬೇಕು. ಡಬ್ಬದ ಹಿಂದೆ ಯುರೋಪಿನ ಕಾರು ತಯಾರಕರ ಒಕ್ಕೂಟವಾದ ಎಸಿಇಎ ಗುರುತು ನೋಡಿ: ಸಿ2, ಸಿ3 ಅಂತ ಇರುತ್ತದೆ. ಇವುಗಳಲ್ಲಿ ಬೂದಿ 0.8 ಪರ್ಸೆಂಟ್ ಮೀರುವ ಹಾಗಿಲ್ಲ. ಸಿ2 ತೆಳು ಪದರದ್ದು, ಸಿ3 ಸ್ವಲ್ಪ ಗಟ್ಟಿ ಪದರದ್ದು. ಯಾವುದು ಅಂತ ಮ್ಯಾನುಯಲ್ಲೇ ಹೇಳುತ್ತದೆ. ಎಪಿಐ ಸಿಕೆ-4 ಕೂಡ ಡಿಪಿಎಫ್ ಗಮನದಲ್ಲಿಟ್ಟು ಮಾಡಿದ್ದೇ, ಆದರೆ ಕಾರಿನ ಕಂಪನಿ ಸಿ3 ಕೇಳಿದ್ದರೆ ಸಿ3 ಹಾಕಿ. ಜರ್ಮನ್ ಕಾರುಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ: ಫೋಕ್ಸ್‌ವ್ಯಾಗನ್, ಬೆಂಜ್, ಬಿಎಂಡಬ್ಲ್ಯೂ ತಮ್ಮದೇ ನಂಬರ್ ಕೊಟ್ಟಿರುತ್ತವೆ. ಅಲ್ಲಿ ಆ ನಂಬರ್ ಡಬ್ಬದ ಮೇಲೆ ಇದೆಯಾ ಇಲ್ಲವಾ, ಅಷ್ಟೇ ಪ್ರಶ್ನೆ.

ಭಾವನಿಗೆ ಇನ್ನೊಂದು ವಿಷಯವೂ ತೋರಿಸಿದೆ. ಅವರ ಗಾಡಿ ದಿನವೆಲ್ಲ ತೋಟ, ಪೇಟೆ, ತೋಟ ಅಂತ ನಾಲ್ಕು ನಾಲ್ಕು ಕಿಲೋಮೀಟರ್ ಓಡುತ್ತದೆ. ಜಾಲರಿಯ ಮಸಿ ಸುಡಲು ಶುರುವಾದಾಗ ಎಂಜಿನ್ ಸ್ವಲ್ಪ ಜಾಸ್ತಿ ಡೀಸೆಲ್ ಸಿಂಪಡಿಸುತ್ತದೆ. ಅರ್ಧಕ್ಕೇ ಗಾಡಿ ಆಫ್ ಮಾಡುವುದು ಅಭ್ಯಾಸವಾದರೆ, ಹಾಗೆ ಸಿಂಪಡಿಸಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಜಾರಿ ಆಯಿಲಿಗೆ ಸೇರುತ್ತಾ ಹೋಗುತ್ತದೆ. ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಿದೆವು. ಮೇಲಿನ ಗೆರೆಗಿಂತ ಅರ್ಧ ಬೆರಳು ಮೇಲಿತ್ತು. ಮೂಸಿದರೆ ಡೀಸೆಲ್ ವಾಸನೆ. ಆಯಿಲ್ ಕಡಿಮೆಯಾಗುವುದನ್ನು ನೋಡಿದ್ದ ಭಾವ ಜಾಸ್ತಿಯಾಗುವುದನ್ನು ಅವತ್ತೇ ನೋಡಿದ್ದು. ಮಾತಾಡಲಿಲ್ಲ, ಬಕೆಟ್ಟಿನ ಮುಚ್ಚಳ ಹಾಕಿದರು. ಇಂಥ ಓಡಾಟ ಇರುವ ಡೀಸೆಲ್ಲಿನವರು ಕಿಲೋಮೀಟರ್ ತುಂಬುವುದನ್ನು ಕಾಯಬಾರದು. ವಾರಕ್ಕೊಮ್ಮೆ ಹೈವೇಯಲ್ಲಿ ಅರ್ಧ ಗಂಟೆ ಒಂದೇ ಸಮ ಓಡಿಸಿದರೆ ಇನ್ನೂ ಒಳ್ಳೆಯದು.

ಹಳೇ ಗಾಡಿ

ಚಿಕ್ಕಪ್ಪನ ಮಾರುತಿ 800 ಇನ್ನೂ ಓಡುತ್ತಿದೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ, ತಿಂಗಳಿಗೊಮ್ಮೆ ಟಾಪ್‌ಅಪ್. ದಪ್ಪ ಆಯಿಲಿನ ಸಲಹೆ ಸರಿಹೋಗುವುದು ಇಂಥಲ್ಲಿ. ಬೋರ್, ರಿಂಗು ಸವೆದು ಸಂದು ದೊಡ್ಡದಾದಾಗ ಒಂದು ಮೆಟ್ಟಿಲು ದಪ್ಪದ್ದು ಹಾಕಿದರೆ ಹೊಗೆ ತಗ್ಗುತ್ತದೆ, ಪ್ರೆಶರ್ ನಿಲ್ಲುತ್ತದೆ. ರಿಪೇರಿ ಅಲ್ಲ ಅದು, ದಿನ ದೂಡುವುದು. ಹಳೇ ಗಾಡಿಗೆ ಸಿಂಥೆಟಿಕ್ ಹಾಕಿದರೆ ಸೀಲ್ ಲೀಕ್ ಆಗುತ್ತದೆ ಅನ್ನೋದು ಅರ್ಧ ನಿಜ. ಸೀಲ್ ಮೊದಲೇ ಸವೆದಿರುತ್ತದೆ, ಗಸಿ ಅದನ್ನು ಮುಚ್ಚಿಕೊಂಡಿರುತ್ತದೆ. ಹೊಸ ಆಯಿಲ್ ಗಸಿ ತೊಳೆದಾಗ ಲೀಕ್ ಹೊರಗೆ ಬರುತ್ತದೆ. ಚಿಕ್ಕಪ್ಪನ ಗಾಡಿಗೆ ಮಿನರಲ್ಲೇ ಸಾಕು.

ಬೈಕಿನ ಆಯಿಲ್ ಕಾರಿಗೆ, ಕಾರಿನದ್ದು ಬೈಕಿಗೆ ಬೇಡ. ಗೇರ್ ಬೈಕಿನ ಕ್ಲಚ್ ಆಯಿಲಲ್ಲೇ ಮುಳುಗಿರುತ್ತದೆ. ಬೈಕಿನ ಆಯಿಲಿಗೆ ಕೊಡುವ ಜಾಸೊ ಎಂಎ ಗುರುತು ಇಲ್ಲದ್ದನ್ನು ಹಾಕಿದರೆ ಅದು ಜಾರಬಹುದು.

ಅಂಗಡಿಯಲ್ಲಿ

ಬ್ರ್ಯಾಂಡ್ ಬಗ್ಗೆ ಜಗಳ ಆಡುವವರಿದ್ದಾರೆ. ಸರ್ವೋ, ಮ್ಯಾಕ್, ಕ್ಯಾಸ್ಟ್ರಾಲ್, ಶೆಲ್, ಮೊಬಿಲ್, ಗಲ್ಫ್ ಯಾವುದಾದರೂ ಆಗಲಿ, ಗ್ರೇಡೂ ಗುರುತೂ ಸರಿಯಿದ್ದರೆ ನನಗೆ ಒಂದೇ. ಪೆಟ್ರೋಲ್ ಬಂಕಿನಲ್ಲಿ ಸಿಗುವ ಸರ್ಕಾರಿ ಕಂಪನಿಗಳ ಡಬ್ಬ ಎಷ್ಟೋ ಸಲ ಅಗ್ಗ.

ಅದಕ್ಕಿಂತ ಡಬ್ಬ ಅಸಲಿಯಾ ಅನ್ನೋದು ನೋಡಿ. ಸೀಲ್ ಪೂರ್ತಿ ಇರಬೇಕು, ಬ್ಯಾಚ್ ನಂಬರು ಅಳಿಸಿರಬಾರದು. ಕ್ಯೂಆರ್ ಕೋಡ್ ಇದ್ದರೆ ಅಲ್ಲೇ ಸ್ಕ್ಯಾನ್ ಮಾಡಿ. ಲೂಸ್ ಆಯಿಲ್ ಬೇಡ. ಎಷ್ಟು ಲೀಟರ್ ಬೇಕು ಅಂತ ಫಿಲ್ಟರ್ ಸೇರಿಸಿದ ಲೆಕ್ಕ ಮ್ಯಾನುಯಲ್ಲಿನಲ್ಲಿದೆ. 3 ಲೀಟರ್, 3.5 ಲೀಟರಿನ ಡಬ್ಬಗಳು ಸಿಗುತ್ತವೆ, 3.1 ಹಿಡಿಯುವ ಎಂಜಿನ್ನಿಗೆ ಇದೆಯಲ್ಲಾ ಅಂತ ಮೂರೂವರೆ ಸುರಿಸಬೇಡಿ. ಡ್ರೈನ್ ಬೋಲ್ಟಿನ ವಾಷರ್ ಹೊಸದು ಹಾಕಿಸಿ, ಕೆಲವೇ ರೂಪಾಯಿ.

ಕೆಲಸ ಆಗುವಾಗ ಎದುರಿಗೇ ನಿಲ್ಲಿ. ನಿಮ್ಮ ಡಬ್ಬದ ಸೀಲ್ ನಿಮ್ಮ ಕಣ್ಣೆದುರೇ ಬಿಚ್ಚಲಿ. ಮಿಕ್ಕಿದ್ದನ್ನು ಡಬ್ಬದ ಸಮೇತ ಮನೆಗೆ ತನ್ನಿ, ಮುಂದೆ ಟಾಪ್‌ಅಪ್‌ಗೆ ಬರುತ್ತದೆ. ಅದು ಖಾಲಿಯಾದ ಮೇಲೆ ಸ್ಕ್ರೂಡ್ರೈವರಿನಲ್ಲಿ ಹೊಟ್ಟೆಗೆ ಎರಡು ತೂತು ಹೊಡೆದೇ ಗುಜರಿಗೆ ಹಾಕಿ. ಹಾಗೇ ಕೊಟ್ಟರೆ ಅದೇ ಡಬ್ಬ ನಕಲಿ ಆಯಿಲ್ ತುಂಬಿಕೊಂಡು, ಹೊಸ ಸೀಲ್ ಹಾಕಿಕೊಂಡು ಇನ್ಯಾವುದೋ ಅಂಗಡಿಯ ಶೆಲ್ಫಿಗೆ ಬರಬಹುದು.